ಕವಿತೆಯೋ ಕಥೆಯೋ ನನ್ನ ಒಡಪು

ವಯಸ್ಸಾದ ಮೇಲೆ ಕಲಿಯಲು ಹೋಗುವವರಿಗೆ ದೇವರು ಒಂದು ಉಪಕಾರ ಮಾಡಿರುತ್ತಾನೆ: ಕಲಿಸುವವರು ನಮಗಿಂತ ಚಿಕ್ಕವರು, ಬಡಿಯುವುದಿಲ್ಲ. ಆ ಧೈರ್ಯದ ಮೇಲೆಯೇ ಗೋಕುಲ ರಸ್ತೆಯ ಹತ್ತಿರದ ವಾಚನಾಲಯದಲ್ಲಿ ಶನಿವಾರ ಮಧ್ಯಾಹ್ನ ನಡೆಯುವ ಸಾಹಿತ್ಯದ ತರಗತಿಗೆ ಸೇರಿದೆ. ಅಲ್ಲಿ ಕವಿತೆ, ಸಣ್ಣಕಥೆ, ಹಾಡು, ಚಹಾ ಎಲ್ಲವೂ ಇದ್ದವು. ನನಗೆ ಪೂರ್ತಿ ತಿಳಿಯುತ್ತಿದ್ದದ್ದು ಚಹಾ ಒಂದೇ.

ನಾಲ್ಕನೆಯ ವಾರ ಮೇಡಂ, "ಇವತ್ತ ಎಲ್ಲಾರೂ ಸ್ವಂತದ್ದು ಒಂದೊಂದು ಹೇಳಬೇಕ್ರಿ" ಎಂದುಬಿಟ್ಟರು. ಉಳಿದವರು ಹಾಳೆ ತಂದಿದ್ದರು. ನಾನು ತಂದದ್ದು ಅವಲಕ್ಕಿ ಡಬ್ಬಿ. ಇವತ್ತು ಬಾಯಿ ಬಿಡದಿದ್ದರೆ ಮತ್ತೆ ಇಲ್ಲಿಗೆ ಬರಲು ನನಗೆ ಮುಖವಿರುವುದಿಲ್ಲ ಎಂದು ಗೊತ್ತಾಯಿತು. ಶಿವನನ್ನು ನೆನೆದು ಎದ್ದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ; ಮದುವೆ ಮನೆಯಲ್ಲಿ ಎಲ್ಲರೂ ಅಡ್ಡಗಟ್ಟಿ ಕೇಳಿದಾಗ ಪ್ರಾಸ ಕೂಡಿಸಿ ಒಡಪಿನಲ್ಲಿ ಹೇಳುತ್ತೇವೆ. ಹೋದ ವರ್ಷ ನಾದಿನಿಯ ಮಗಳ ಮದುವೆಗೆ ನಾನೇ ಒಂದು ಕಟ್ಟಿದ್ದೆ. ಅದನ್ನೇ ಭಜನೆಯ ಧಾಟಿಯಲ್ಲಿ ಹಾಡಿಬಿಟ್ಟೆ:

"ಹಂಚು ಕಾದರ ರೊಟ್ಟಿ ಉಬ್ಬತೈತಿ,
ಈರಪ್ಪನವರು ಸಿಟ್ಟಾದರ ಮನ್ಯಾಗ ಕುಕ್ಕರ್ ಒಂದ ಮಾತಾಡತೈತಿ."

ಎಲ್ಲರೂ ನಕ್ಕರು. ಆಮೇಲೆ ಜಗಳ ಹತ್ತಿತು. "ಎಂಥಾ ಛಲೋ ಕವಿತಾರೀ!" ಎಂದರು ಮೇಡಂ. ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಕಾಕಾ ಒಪ್ಪಲಿಲ್ಲ. "ಗಂಡ ಅದಾನ, ಸಿಟ್ಟೈತಿ, ಮುಂದೇನಾತು ಅಂತ ಜೀವ ಎಳೀತೈತಿ. ಕತೀರಿ ಇದು!" ಹಾರ್ಮೋನಿಯಂ ಕಲಿಸುವ ಶಾಂತಕ್ಕ, "ಧಾಟಿ ತಗದ್ರ ಇದರಾಗ ಏನ್ ಉಳೀತೈತ್ರಿ ಕಾಕಾ? ಹಾಡಿದು" ಎಂದು ಮೇಜು ಬಡಿದರು. ನನ್ನ ಎರಡು ಸಾಲಿಗೆ ಒಂದು ತಾಸು! ಚಹಾ ಆರಿತು, ಯಾರೂ ಮುಟ್ಟಲಿಲ್ಲ.

ಕಡೆಗೆ ಮೇಡಂ ನನ್ನನ್ನೇ ಕೇಳಿದರು: "ಅಕ್ಕಾರ, ಯಜಮಾನ್ರಿಗೆ ಅಷ್ಟ ಸಿಟ್ಟು ಯಾಕ ಬರತೈತ್ರಿ?"

ದೇವರ ಹೆಸರು ಹೇಳಿ ಎದ್ದವಳು ಸುಳ್ಳು ಹೇಳಬಾರದಲ್ಲ. "ಖರೇ ಹೇಳಬೇಕಂದ್ರ ಸಿಟ್ಟಾಗಾಕಿ ನಾನರಿ. ಆದ್ರ ಒಡಪಿನ್ಯಾಗ ಅವರ ಹೆಸರ ಹೇಳಬೇಕಲ್ಲರಿ!" ಎಂದೆ.

"ನೋಡ್ರಿ ಮತ್ತ, ಕತೀನ ಆತು!" ಎಂದರು ಕಾಕಾ. ಮೇಡಂ ಮಾತ್ರ ಹಲಗೆಯ ಮೇಲೆ ನನ್ನ ಎರಡೂ ಸಾಲು ಬರೆದು, ಕೆಳಗೆ ನನ್ನ ಹೆಸರು ಬರೆದರು. ನನ್ನೊಬ್ಬಳದೇ.

ಸಂಜೆ ದೇವರಿಗೆ ದೀಪ ಹಚ್ಚಿ, ಇಷ್ಟು ಹೆಮ್ಮೆ ಮನುಷ್ಯರಿಗೆ ಒಳ್ಳೆಯದಲ್ಲ, ಇಳಿಸಪ್ಪಾ ಎಂದು ಬೇಡಿಕೊಂಡೆ. ಶಿರಗುಪ್ಪಿಯಲ್ಲಿರುವ ನಮ್ಮ ಅಕ್ಕನಿಗೆ ಇದನ್ನೆಲ್ಲ ಹೇಳಲು ಇನ್ನೂ ಫೋನ್ ಮಾಡಿರಲಿಲ್ಲ. ಅದೊಂದು ಆಗುವವರೆಗೆ ತಡೆ ಎಂದೂ ಹೇಳಿದೆ.