ಗೌಡೆನ್ಸ್ ಬರೆದ ಗುಡಿಸಲು

ಇಷ್ಟಕ್ಕೆಲ್ಲ ಕಾರಣ ಒಂದು ಗುಡಿಸಲು. ಅದೂ ನಕ್ಷೆಯ ಮೇಲೆ, ಸಾಸಿವೆಕಾಳಿನಷ್ಟು ಕಪ್ಪು ಚೌಕ.

ಬರ್ನ್ ನಗರದ ಒಂದು ನಕ್ಷೆ ಕಚೇರಿಯಲ್ಲಿ ಫ್ಲೂರಿನ್‌ಗೆ ಮೂರು ವರ್ಷದಿಂದ ಒಂದೇ ಕೆಲಸ: ನಕ್ಷೆ ಬರೆಯುವವರ ತಲೆಯೊಳಗಿನ ತಿಳಿವನ್ನೆಲ್ಲ ನಿಯಮಗಳಾಗಿ ಕಂಪ್ಯೂಟರಿಗೆ ಕಲಿಸುವುದು. ನದಿ ಎಂದರೇನು, ರಸ್ತೆ ಎಂದರೇನು, ಎರಡಕ್ಕೂ ಜಾಗ ಸಾಲದಿದ್ದರೆ ಯಾವುದು ಸರಿಯಬೇಕು? ರಸ್ತೆಯೇ ಸರಿಯಬೇಕು, ನದಿ ಯಾರ ಮಾತೂ ಕೇಳುವುದಿಲ್ಲ. ಅಂದು ಸಂಜೆ ನಾಲ್ಕಕ್ಕೆ ಹೊಸ ಮುಖ್ಯಸ್ಥೆ ಸೆರೈನಾ ಅದನ್ನು ಪರೀಕ್ಷಿಸಲು ಬರುವವರಿದ್ದರು. ಗೆದ್ದರೆ ನೌಕರಿ ಕಾಯಂ, ಇಲ್ಲವಾದರೆ ಇಂದೇ ಕೊನೆ.

ಬೆಳಿಗ್ಗೆಯೇ ಕಂಪ್ಯೂಟರ್ ಹಟ ಹಿಡಿಯಿತು. ಬೆಟ್ಟದ ಗುಡಿಸಲು ನೀರಿನ ಬಳಿಯೋ ದಾರಿಯ ಬಳಿಯೋ ಇರಬೇಕು, ಇದು ಎರಡರ ಬಳಿಯೂ ಇಲ್ಲ, ಆದ್ದರಿಂದ ಒಂದು ಗೆರೆಯನ್ನೂ ಎಳೆಯಲಾರೆ ಎಂದಿತು.

"ಕುಡುಕನ ಗುಡಿಸಲು ಅಂತ ನಿಯಮ ಬರಿಯೋ, ಅವನಿಗ್ಯಾಕೆ ನೀರು?" ಎಂದ ಒಂಬತ್ತರ ಕಾಫಿಯ ಹೊತ್ತಿನಲ್ಲಿ ಸಹೋದ್ಯೋಗಿ ಲಿನಾರ್ಡ್. ಕೆಟ್ಟ ಗಳಿಗೆಯಲ್ಲಿ ಫ್ಲೂರಿನ್ ಬರೆದೂಬಿಟ್ಟ. ಕಂಪ್ಯೂಟರ್ ಬೆಟ್ಟದ ಮೇಲೆ ನೀರಿನಿಂದ ದೂರವಿದ್ದ ಮೂರು ಚರ್ಚುಗಳನ್ನು ಕುಡುಕರಿಗೆ ವಹಿಸಿಕೊಟ್ಟಿತು.

ಕೊನೆಗೆ ನಕ್ಷೆಯ ಆ ಹಾಳೆ ಬರೆದ ಗೌಡೆನ್ಸ್‌ನನ್ನೇ ಕೇಳಲು ಹೋದ. ಅಂದೇ ನಿವೃತ್ತನಾಗುತ್ತಿದ್ದ ಮುದುಕ ಬೀಳ್ಕೊಡುಗೆಗೆ ಅಕ್ರೋಟಿನ ಕೇಕು ಕೊಯ್ಯುತ್ತಿದ್ದ.

"ಅಜ್ಜಾ, ಈ ಗುಡಿಸಲು ಅಲ್ಲಿ ಯಾಕಿದೆ?"

ಮುದುಕ ಬಾಗಿಲು ಮುಚ್ಚಿದ. ನಕ್ಷೆಯ ಬಂಡೆಗಳ ಗೆರೆಗಳಲ್ಲಿ ಮೀನಿನದೋ ಅಳಿಲಿನದೋ ಚಿತ್ರ ಬಚ್ಚಿಡುವುದು ಈ ಕಸುಬಿನವರ ಹಳೆಯ ಚಾಳಿ. ಗೌಡೆನ್ಸ್ ಬಚ್ಚಿಟ್ಟದ್ದು ಬೇರೆ.

"ಅಲ್ಲೇನೂ ಇಲ್ಲ ಕಣೋ. ಒಬ್ಳಿಗೆ ಅಲ್ಲಿ ಮನೆ ಕಟ್ಕೊಡ್ತೀನಿ ಅಂದಿದ್ದೆ. ನಾನು ಜಾಗ ಅಳೀತಾ ಕೂತೆ, ಅವ್ಳು ಚೀಸ್ ವ್ಯಾಪಾರೀನ ಮದ್ವೆಯಾದ್ಲು. ನಕ್ಷೇಲಾದ್ರೂ ಇರ್ಲಿ ಅಂತ ಬರ್ದೆ. ನಲವತ್ತು ವರ್ಷ ಯಾರೂ ಕೇಳ್ಲಿಲ್ಲ."

"ಅಳಿಸ್ಲಾ?"

"ನಿನ್ ಹೊಟ್ಟೆಪಾಡು. ಅಳ್ಸು," ಎಂದು ಮುದುಕ ಒರೆಸಿದ ಚಾಕುವನ್ನೇ ಮತ್ತೆ ಒರೆಸತೊಡಗಿದ.

ಫ್ಲೂರಿನ್ ಅಳಿಸಿದ. ಯಾರದೋ ಮನೆ ಕೆಡವಿದಷ್ಟು ಸಂಕಟವಾಯಿತು. ಕಂಪ್ಯೂಟರಿಗೆ ಮಾತ್ರ ಖುಷಿಯಾಯಿತು.

ನಾಲ್ಕಕ್ಕೆ ಸೆರೈನಾ ಬಂದವರೇ ತಮ್ಮ ಊರಿನ ಕಣಿವೆ ತೋರಿಸಲು ಹೇಳಿದರು. ನೋಡಿದರು, ಹುಡುಕಿದರು.

"ಇಲ್ಲೊಂದು ಗುಡಿಸಲಿತ್ತಲ್ಲ?"

"ಅದು ತಪ್ಪು ಮೇಡಂ. ಕಂಪ್ಯೂಟರ್ ಹಿಡಿದುಕೊಡ್ತು."

"ತಪ್ಪಾ? ನಮ್ಮನೆ ಊಟದ ಮೇಜಿನ ಎದುರು ಆ ನಕ್ಷೆ ತೂಗ್ತಿತ್ತು. ಅಮ್ಮ ಪ್ರತಿ ಭಾನುವಾರ ಆ ಗುಡಿಸಲ ಮೇಲೆ ಬೆರಳಿಟ್ಟು 'ಇದು ನನ್ನ ಮನೆ' ಅನ್ನೋಳು. ಅಪ್ಪ ಚೀಸ್ ಕೊಯ್ತಾ ನಗೋರು. ಸಾಯೋ ವಾರಾನೂ ಅದನ್ನೇ ನೋಡ್ತಿದ್ಲು. ಇರೋದನ್ನ ಅಳ್ಸೋ ಯಂತ್ರ ನನಗೆ ಬೇಡ."

ಅಲ್ಲಿ ಗುಡಿಸಲೇ ಇರಲಿಲ್ಲ ಎಂದಿದ್ದರೆ ನೌಕರಿ ಉಳಿಯುತ್ತಿತ್ತು. ಫ್ಲೂರಿನ್ ಬಾಯಿ ತೆರೆದ. ಬಾಗಿಲಲ್ಲಿ ಗೌಡೆನ್ಸ್ ನಿಂತಿದ್ದ. ಕೇಕಿನ ತಟ್ಟೆ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನನ್ನದೇ ತಪ್ಪು ಮೇಡಂ," ಎಂದ ಫ್ಲೂರಿನ್.

ಕೇಕಿನ ದೊಡ್ಡ ತುಂಡು ಅವನಿಗೇ ಸಿಕ್ಕಿತು. ಬೀಳ್ಕೊಡುಗೆ ಈಗ ಇಬ್ಬರದಾಗಿತ್ತು.