ಹೊರಟ ಅತ್ತಿಗೆ, ಸಿಗದ ಜೋಗುಳ

"ಆ ಮನೆಗೆ ಬಂದ ನೆಂಟರು ಇರೋದಕ್ಕಿಂತ ಹೊರಡೋದಕ್ಕೇ ಹೆಚ್ಚು ಹೊತ್ತು" ಎಂದು ನಮ್ಮ ಬಗ್ಗೆ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಅವತ್ತು ಅದನ್ನು ನಿಜ ಮಾಡಿದ್ದು ನನ್ನ ಪಾಂಡಿತ್ಯ.

ನನ್ನ ಹೆಂಡತಿಯ ಅಕ್ಕ ಬ್ಯಾಗು ಹಿಡಿದು ನಿಂತಿದ್ದರು. ತೀರಿಕೊಂಡ ಅವರಮ್ಮನ ಜೋಗುಳ ನನ್ನ ಕಂಪ್ಯೂಟರಿನಲ್ಲೆಲ್ಲೋ ಇತ್ತು. ನಮ್ಮ ಮಗಳು ಕೂಸಾಗಿದ್ದಾಗ ನಾನೇ ರೆಕಾರ್ಡ್ ಮಾಡಿದ್ದು. ಅಮ್ಮನ ದನಿ ಉಳಿದಿದ್ದು ಅದೊಂದರಲ್ಲೇ. ಅದಿಲ್ಲದೆ ಹೋಗಲು ಅತ್ತಿಗೆಗೆ ಮನಸ್ಸಿಲ್ಲ, ಕಾಯಲು ಬಸ್ಸಿಗೆ ಮನಸ್ಸಿಲ್ಲ.

"ಫೋಲ್ಡರು ಒಂದೊಂದೇ ತೆಗೆದು ನೋಡ್ರೀ" ಎಂದಳು ಹೆಂಡತಿ.

"ಅದು ಪಾಮರರ ಮಾರ್ಗ" ಎಂದು ಸ್ಕ್ರಿಪ್ಟ್ ಬರೆಯಲು ಕುಳಿತೆ. ಹುಡುಕುವ ಪ್ರೋಗ್ರಾಮು ಪ್ರತಿ ಫೋಲ್ಡರಿಗೂ ಇಳಿಯುತ್ತದೆ, ಫೈಲು ಕಂಡಾಗಲೆಲ್ಲ, ಅದನ್ನು ತೆರೆದು ನೋಡಲೆಂದು ನಾನು ಬರೆದ ಫಂಕ್ಷನ್ ಎಂಬ ತುಣುಕನ್ನು ಕರೆದು "ಇದೇನಾ?" ಎನ್ನುತ್ತದೆ. (ಇದಕ್ಕೆ ಕಾಲ್‌ಬ್ಯಾಕ್ ಎಂಬ ಬಿರುದು.) ನನ್ನ ಫಂಕ್ಷನ್ ಎಲ್ಲದಕ್ಕೂ ಒಂದೇ ರಾಗ ಹಾಡಿತು: "ಅಂಥ ಫೈಲೇ ಇಲ್ಲ."

ಅತ್ತಿಗೆ ಚಪ್ಪಲಿ ಮೆಟ್ಟಿ ಗೇಟು ದಾಟಿದರು.

"ಸಿಕ್ತು!" ಎಂದು ಕೂಗಿದೆ. ವಾಪಸ್ ಬಂದರು. ಸಿಕ್ಕಿರಲಿಲ್ಲ. ಹೆಸರೇನೋ ಪರದೆಯ ಮೇಲೆ ಬರುತ್ತದೆ, ತೆರೆಯಹೋದರೆ ಇಲ್ಲವಂತೆ! ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ಕಣ್ಣಿಗೆ ಕಂಡದ್ದು ಕೈಗೆ ಸಿಗದೆ ಹೋಗುವುದು ಹೇಗೆ?

ಹೊರಗೆ ಮೋಡ ಕವಿದಿತ್ತು. ಅತ್ತಿಗೆ ಕೊಡೆ ಹುಡುಕುತ್ತಾ ಸಾಮಾನಿನ ಕೋಣೆ ಹೊಕ್ಕರು. ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ಅಕ್ಕಾ, ಸಾಮಾನಿನ ಕೋಣೆಗೆ ಹೋಗು, ಬಾಗಿಲ ಹಿಂದೆ ನೋಡು!"

"ಅಲ್ಲೇ ಇದ್ದೀನಲ್ಲೇ! ಈ ಕೋಣೆಯೊಳಗೆ ಇನ್ನೊಂದು ಕೋಣೆ ಎಲ್ಲಿಂದ ತರಲಿ? ಬಾಗಿಲ ಹಿಂದೆ ಅಂದ್ರೆ ಸಾಲದಾ?"

ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ನನ್ನ ಫಂಕ್ಷನ್ನೂ ಫೋಲ್ಡರಿನೊಳಗೇ ನಿಂತಿತ್ತು. ನಾನು ಪುಣ್ಯಾತ್ಮ ಅದಕ್ಕೆ ಬೀದಿಬಾಗಿಲಿನಿಂದ ಹಿಡಿದು ಫೋಲ್ಡರುಗಳ ವಿಳಾಸವನ್ನೆಲ್ಲ ಒಪ್ಪಿಸುತ್ತಿದ್ದೆ! ವಿಳಾಸ ಅಳಿಸಿ ಫೈಲಿನ ಹೆಸರಷ್ಟೇ ಬಿಟ್ಟೆ. ಸಿಕ್ಕಿತು.

ಅಷ್ಟರಲ್ಲಿ ಅತ್ತಿಗೆ ಮತ್ತೆ ಗೇಟಿನಲ್ಲಿ. "ಅಕ್ಕಾ, ಸಿಕ್ತು ಬಾ!" ಎಂದು ಕೂಗಿದಳು ಹೆಂಡತಿ.

"ನಿಜವಾಗ್ಲೂ ಸಿಕ್ತಾ, ಇಲ್ಲಾ ನಿನ್ನ ಗಂಡನ ಸಿಕ್ತಾ?"

ಮೂವರೂ ಕಂಪ್ಯೂಟರಿಗೆ ಕಿವಿಗೊಟ್ಟೆವು. ಅಮ್ಮನದೇ ದನಿ. ಆದರೆ ಎರಡನೇ ನುಡಿಗೆ ಹಿಂದಿನಿಂದ ಯಾರೋ ಮರ ಕೊಯ್ಯತೊಡಗಿದರು.

"ಏನ್ರೀ ಅದು?"

"ಯಂತ್ರದೋಷ" ಎಂದೆ ಗಂಭೀರವಾಗಿ.

ಜೋಗುಳ ನಿಂತಿತು. ಅಮ್ಮ ಕಿಸಕ್ಕನೆ ನಕ್ಕರು: "ಕೂಸು ಕಣ್ಣು ಪಿಳಿಪಿಳಿ ಬಿಡ್ತಿದೆ, ಅಳಿಯಂದಿರೇ ಮಲಗಿಬಿಟ್ರಲ್ಲೇ!"

ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕು, ಕಣ್ಣೊರೆಸಿಕೊಂಡರು.

"ಗೊರಕೆ ಕತ್ತರಿಸಿ ಕೊಡ್ತೀನಿ ಅತ್ತಿಗೆ. ಅದಕ್ಕೊಂದು ಸ್ಕ್ರಿಪ್ಟ್..."

"ಅಯ್ಯೋ ಬೇಡಪ್ಪಾ! ಅಮ್ಮ ನಕ್ಕಿದ್ದೇ ಅದಕ್ಕೆ. ಇರಲಿ ಬಿಡಿ."

ಇದ್ದಂತೆಯೇ ಅವರ ಫೋನಿಗೆ ಹಾಕಿಕೊಟ್ಟೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಹಾಡುವ ಫೋನು. ಅತ್ತಿಗೆ ಕೊನೆಯ ಸಲ ಗೇಟು ದಾಟಿದರು. ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿದಳು: "ಈ ಸಲ ಹೊರಟೇಬಿಟ್ರಾ?"

"ಹೂಂ ಕಣಮ್ಮ, ಅಮ್ಮನೂ ಜೊತೆಗಿದ್ದಾಳೆ."

ಬೀದಿಯ ತಿರುವಿನವರೆಗೂ ನನ್ನ ಗೊರಕೆ ಕೇಳಿಸುತ್ತಲೇ ಇತ್ತು.