ಏಳು ನಿಮಿಷದ ಸಂದೇಶವನ್ನು ಒಂದೇ ನಿಮಿಷದಲ್ಲಿ ರವಾನಿಸಿದ ಬಗ್ಗೆ

ಕನ್ನಡ ನೌಕರರ ಕೂಟ, ಕೊಚ್ಚಿ–ತಿರುವನಂತಪುರ
ಸಂಖ್ಯೆ: ಕನೌಕೂ/ರವಾನೆ/ದಡಾರ/1/2025-26

ವಿಷಯ: ಕೂಟದ ವಾಟ್ಸಾಪ್ ಗುಂಪಿನಲ್ಲಿ ಲಸಿಕೆಯ ಬಗ್ಗೆ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: 1) ಕಳೆದ ತಿಂಗಳು ಒಂದು ಬೆಳಿಗ್ಗೆ 6.12ಕ್ಕೆ ಬಂದ, ಹೆಸರು-ವಿಳಾಸವಿಲ್ಲದ ಧ್ವನಿ ಸಂದೇಶ (ಅವಧಿ: ಏಳು ನಿಮಿಷ).
2) ಕೂಟದ ಅಧ್ಯಕ್ಷ ಶ್ರೀ ಸುಬ್ರಾಯರು ಅದನ್ನು 6.13ಕ್ಕೆ ಗುಂಪಿಗೆ ಕಳಿಸಿದ್ದು.

ಪೀಠಿಕೆ: ಸದರಿ ಸುಬ್ರಾಯರು ಕೊಚ್ಚಿಯ ಕೇಂದ್ರ ಸರಕಾರಿ ಕಚೇರಿಯೊಂದರ ರವಾನೆ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಇದ್ದು, ತಾರೀಖಿಲ್ಲದ ಒಂದು ಚೀಟಿಯನ್ನೂ ತಮ್ಮ ಟೇಬಲ್ ದಾಟಲು ಬಿಟ್ಟವರಲ್ಲ. ಆದಾಗ್ಯೂ, ದಡಾರದ ಲಸಿಕೆ ಹಾಕಿಸಿದರೆ ಮಕ್ಕಳಿಗೆ ಮಾತೇ ಬರುವುದಿಲ್ಲವೆಂಬ ಹಸಿ ಸುಳ್ಳನ್ನು, ಕಾಫಿ ಆರುವ ಮೊದಲೇ, 'ಎಲ್ಲರೂ ಗಮನಿಸಿ' ಎಂಬ ಷರಾ ಸಹಿತ 214 ಮಂದಿಗೆ ದಾಟಿಸಿರುತ್ತಾರೆ. ತಿರುವನಂತಪುರದ ಐಟಿ ಉದ್ಯೋಗಿ ಧನಶ್ರೀಯವರ ಅತ್ತೆ ಕುಸುಮಾವತಿಯವರು ಅದನ್ನು ಕೇಳಿ, "ಮೊದಲೇ ಈ ಊರಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಹೊರಡಲ್ಲ, ಇನ್ನು ಇರೋ ಮಾತೂ ಹೋದ್ರೆ? ಸುಬ್ರಾಯಣ್ಣ ಸುಮ್ಮಸುಮ್ಮನೆ ಕಳಿಸೋರಲ್ಲ" ಎಂದು, ಮೊಮ್ಮಗಳು ಇಂಚರಾಳನ್ನು ಲಸಿಕೆಗೆ ಕರೆದೊಯ್ಯದೆ ಮನೆಯಲ್ಲೇ ಉಳಿಸಿಕೊಂಡಿರುತ್ತಾರೆ. ಹತ್ತು ತಿಂಗಳ ಆ ಕೂಸಿಗೆ ದಡಾರವಾಗಿ, ಅದು ನ್ಯುಮೋನಿಯಾಕ್ಕೆ ತಿರುಗಿ, ಆರು ದಿನದಿಂದ ಆಕ್ಸಿಜನ್ ಮೇಲಿದೆ. ಸುದ್ದಿ ತಿಳಿದೊಡನೆ ಸುಬ್ರಾಯರಿಂದ ಹೊರಟ 'ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ' ಎಂಬ ಉದ್ಗಾರವನ್ನು ವಹಿಯಲ್ಲಿ ನಮೂದಿಸಿಕೊಳ್ಳಲಾಗಿದೆ.

ಆದಕಾರಣ ಸದಸ್ಯರು ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:

1. ಸಂದೇಶವನ್ನು ಪೂರ್ತಿ ಕೇಳದೆ ಕಳಿಸಿದವರು, ಉಳಿದ ನಿಮಿಷಗಳಲ್ಲಿ ತಾವು ಎಲ್ಲಿದ್ದೆವು ಎಂಬುದಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

2. 'ನಮ್ಮ ಪರಿಚಯದವರ ನಾದಿನಿಯ ಮಗುವಿಗೆ ಹೀಗೇ ಆಯಿತು' ಎಂದಲ್ಲಿ, ಪರಿಚಯದವರು, ನಾದಿನಿ ಹಾಗೂ ಮಗುವನ್ನು ಖುದ್ದು ಹಾಜರುಪಡಿಸತಕ್ಕದ್ದು. ನಾದಿನಿಯ ಭಾವಚಿತ್ರವನ್ನು ಗೆಜೆಟೆಡ್ ಅಧಿಕಾರಿಗಳು ದೃಢೀಕರಿಸಿರಬೇಕು.

3. ಕೈಮುಗಿದ ಚಿತ್ರಗಳನ್ನು ವೈದ್ಯಕೀಯ ಪುರಾವೆಯೆಂದು ಪರಿಗಣಿಸಲಾಗುವುದಿಲ್ಲ, ಎಷ್ಟೇ ಕೈ ಮುಗಿದಿದ್ದರೂ.

4. ಮಕ್ಕಳು ಅಜ್ಜಿಗೆ ಮಲಯಾಳದಲ್ಲಿ ಉತ್ತರ ಕೊಡುವುದಕ್ಕೆ ಲಸಿಕೆ ಕಾರಣವಲ್ಲ. ಪಕ್ಕದ ಮನೆಯ ಮಲಯಾಳಿ ಅಕ್ಕ, ಮೇರಿ ಚೇಚಿ, ಕಾರಣ. ಚೇಚಿಯ ವಿರುದ್ಧ ಯಾವ ಲಸಿಕೆಯೂ ಇರುವುದಿಲ್ಲ.

5. ಸದರಿ ಸಂದೇಶವು ವಿಳಿಂಜಂ ಬಂದರಿನಲ್ಲಿ ಮಲಯಾಳಕ್ಕೆ ತರ್ಜುಮೆಗೊಂಡು, ವಲ್ಲಾರ್ಪಾಡಂ ಬಂದರಿನ ಗುಮಾಸ್ತ ಅಶ್ರಫ್ ಮೂಲಕ 'ಕೊಚ್ಚಿಯ ಡಾ. ಸುಬ್ರಾಯ ಹೇಳಿದ್ದು' ಎಂದು ಸುಬ್ರಾಯರಿಗೇ ವಾಪಸು ಬಂದಿದೆ. ಕೇಳುತ್ತ ಅವರಿಗೂ ಒಂದು ಕ್ಷಣ ಹೌದಿರಬಹುದು ಅನ್ನಿಸಿತ್ತು. ಸದರಿ ಡಾಕ್ಟರ್ ಪದವಿಯನ್ನು ಪೂರ್ವಾನ್ವಯವಾಗಿ ರದ್ದುಪಡಿಸಲಾಗಿದೆ.

6. ಸಂದೇಶ ಸುಳ್ಳೆಂದು ಸುಬ್ರಾಯರು ಗುಂಪಿನಲ್ಲಿ ಹಾಕಿದ ತಿದ್ದುಪಡಿಯನ್ನು ನೋಡಿದವರು ಹನ್ನೊಂದೇ ಮಂದಿ. ಆ ಪೈಕಿ ಮೂವರು 'ಶುಭೋದಯ' ಎಂದಿದ್ದಾರೆ. ಆದ್ದರಿಂದ ಸುಬ್ರಾಯರು 214 ಮನೆಗೂ ತಾವೇ ಫೋನು ಮಾಡತಕ್ಕದ್ದು. ಇದುವರೆಗೆ ಮಾಡಿದ್ದು 90. ಲಸಿಕೆ ಮುಂದೂಡಿದ ಮನೆಗಳು ಇನ್ನೂ ಒಂಬತ್ತು ಸಿಕ್ಕಿವೆ. ಒಂಬತ್ತು, ದೇವರೇ.

7. 'ನಾನು ಕಳಿಸಿದ್ದಷ್ಟೇ, ಹೇಳಿದ್ದು ನಾನಲ್ಲ' ಎನ್ನಬಯಸುವ ಸದಸ್ಯರು ಮಕ್ಕಳ ವಾರ್ಡಿನ ಗಾಜಿನ ಬಾಗಿಲ ಮುಂದೆ ನಿಂತು, ಒಳಗೆ ನೋಡುತ್ತ, ಗಟ್ಟಿಯಾಗಿ ಹೇಳತಕ್ಕದ್ದು. ದನಿ ಹೊರಡದಿದ್ದಲ್ಲಿ ಅದನ್ನೇ ಅಂತಿಮ ಉತ್ತರವೆಂದು ಭಾವಿಸಲಾಗುವುದು.

ಸಹಿ/-
(ಸುಬ್ರಾಯ)
ಅಧ್ಯಕ್ಷರು, ಸದ್ಯಕ್ಕೆ

ಪ್ರತಿಗಳು:
1) ಸೂಚನಾ ಫಲಕಕ್ಕೆ.
2) ಶ್ರೀ ಅಶ್ರಫ್ ಅವರಿಗೆ, ದಯವಿಟ್ಟು ಯಾರಿಗೂ ಕಳಿಸದಿರುವ ಕೋರಿಕೆಯೊಂದಿಗೆ.
3) ಶ್ರೀಮತಿ ಕುಸುಮಾವತಿಯವರಿಗೆ. ಅಮ್ಮಾ, ನೀವು ನಂಬಿದ್ದು ನನ್ನನ್ನು.
4) ಶ್ರೀಮತಿ ಧನಶ್ರೀ, ಮಕ್ಕಳ ವಾರ್ಡು, ತಿರುವನಂತಪುರ, ಇವರಿಗೆ: ಸಹಿದಾರರು ಎರಡು ಸಲ ರೈಲು ಹತ್ತಿ, ಮುಖ ತೋರಿಸಲಾಗದೆ ಕೊಲ್ಲಂನಲ್ಲೇ ಇಳಿದು ವಾಪಸಾಗಿರುತ್ತಾರೆ. ಈ ಪ್ರತಿಯನ್ನು ನಾಳೆ ಖುದ್ದಾಗಿ ತರಲಾಗುವುದು. ಕ್ಷಮೆ ಕೇಳುವುದಕ್ಕೆ ಕಚೇರಿಯಲ್ಲಿ ಯಾವ ನಮೂನೆಯೂ ಸಿಗದ ಕಾರಣ, ಬಾಯಲ್ಲೇ ಕೇಳಲಾಗುವುದು.